ಬಲಕ್ಕೊಂದು ಕಿಟಕಿ

ಜೂನ್ ೯

ಅಕ್ಕನಿಗೆ ನಮಸ್ಕಾರ.

ಫೋನ್ ಮಾಡಿದರೆ ನಾನು ಅಳುತ್ತೇನೆ, ನೀನು ಗದರುತ್ತೀಯ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಕಾಗದ. ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳ ಅಕ್ಷರ, ಕನ್ನಡಕ ಹಾಕಿಕೊಂಡು ಓದು.

ಜೀರುಂಡೆಯನ್ನು ನಿನ್ನ ಮನೆಗೆ ಕಳಿಸಬೇಕು, ಅಲ್ಲಿಯ ಶಾಲೆಗೇ ಸೇರಿಸುತ್ತೇನೆ, ಅವಳಿಗೆಂದೇ ಒಂದು ಕೋಣೆಯಿದೆ ಎಂದು ಬರೆದಿದ್ದೀಯ. ನೀನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನನ್ನ ಮಗಳು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾಳೆ. ಹೀಗೇ ಆದರೆ ಐದನೇ ಕ್ಲಾಸಿನಲ್ಲೇ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ ಎಂದು ಕ್ಲಾಸ್ ಟೀಚರ್ ಕರೆಸಿ ಹೇಳಿದರು. ನಾನು ಹೂಂಗುಟ್ಟಿ ಬಂದೆ. ದಾರಿಯುದ್ದಕ್ಕೂ ಹೇಳಬೇಕಾಗಿದ್ದ ಮಾತುಗಳೆಲ್ಲ ನೆನಪಾದವು, ಅವರ ಎದುರಿಗೆ ಒಂದೂ ಬಾಯಿಗೆ ಬಂದಿರಲಿಲ್ಲ.

ಆದರೂ ಕಳಿಸುವುದಿಲ್ಲ ಅಕ್ಕ. ಬೇಜಾರು ಮಾಡಿಕೊಳ್ಳಬೇಡ. ಇದನ್ನು ಮೊದಲೇ ಬರೆದುಬಿಟ್ಟೆ, ಕೊನೆಗೆ ಇಟ್ಟುಕೊಂಡಿದ್ದರೆ ಧೈರ್ಯ ಸಾಲುತ್ತಿರಲಿಲ್ಲ.

ಮನೆಗೇ ಬಂದು ಪಾಠ ಹೇಳಿಕೊಡುವವರೊಬ್ಬರು ಸಿಕ್ಕಿದ್ದಾರೆ. ನನ್ನ ಹತ್ತಿರ ಇಸ್ತ್ರಿಗೆ ಬಟ್ಟೆ ಕೊಡುವವರೇ. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲೊಂದು ಕೊಡೆ ಇದ್ದೇ ಇರುತ್ತದೆ, ಹಾಗಾಗಿ ಬೀದಿಗೆಲ್ಲ ಕೊಡೆ ಟೀಚರ್. ಮೊನ್ನೆ ಹುಡುಗಿಯನ್ನು ನೋಡಲು ಬಂದರು. ಬೆಳಿಗ್ಗೆಯಿಂದ ನೆಲ ಉಜ್ಜಿದೆ, ಜೇಡರ ಬಲೆ ತೆಗೆದೆ, ಆದರೆ ಅವರು ಎಲ್ಲಿ ಕೂರಬೇಕು ಎಂಬುದನ್ನೇ ಯೋಚಿಸಿರಲಿಲ್ಲ. ಅವರು ಸುತ್ತ ನೋಡಿ ಬಟ್ಟೆಯ ಗಂಟಿನ ಮೇಲೆ ಕೂತರು. ಅದು ದವಾಖಾನೆಯವರ ಗಂಟು. ನನಗೆ ಭೂಮಿಗಿಳಿದು ಹೋದ ಹಾಗಾಯಿತು.

ನಮ್ಮ ಮುಂದಿನ ಕೋಣೆ ನಿನಗೆ ಗೊತ್ತೇ ಇದೆ. ಇರುವುದೊಂದೇ ಕಿಟಕಿ, ಅದರ ಕೆಳಗೆ ನನ್ನ ಇಸ್ತ್ರಿ ಮೇಜು. ಜೀರುಂಡೆ ಅದರ ತುದಿಯಲ್ಲಿ ಸ್ಟೂಲ್ ಹಾಕಿಕೊಂಡು ಬರೆಯುತ್ತಾಳೆ. ನಾನು ಶರ್ಟು ಮಾಡುವಾಗ ತೊಂದರೆಯಿಲ್ಲ. ಬೆಡ್‌ಶೀಟ್ ಹಾಸಿದರೆ ಅವಳು ಪುಸ್ತಕ ಎತ್ತಿಕೊಂಡು ಎದ್ದು ನಿಲ್ಲಬೇಕು. ಟೀಚರ್ ಸುಮ್ಮನೆ ಕೂತು ನೋಡಿದರು. ನಾನು ನಾಚಿಕೆಗೆ ಕೆಲಸ ನಿಲ್ಲಿಸಿದೆ, ಅವರು ಬಿಡಲಿಲ್ಲ, ದಿನಾ ಮಾಡೋ ಹಾಗೇ ಮಾಡಿ ಎಂದರು. ಓದುವಾಗ ಗುಂಯ್ ಗುಂಯ್ ಎನ್ನುತ್ತಾಳೆಂದೇ ಅಲ್ಲವೇ ಅವಳನ್ನು ಜೀರುಂಡೆ ಎನ್ನುವುದು, ಎದ್ದು ನಿಂತಾಗಲೆಲ್ಲ ಅದು ನಿಲ್ಲುತ್ತಿತ್ತು. ಮತ್ತೆ ಕೂತರೆ ಮೊದಲಿನಿಂದ ಎಣಿಸಬೇಕು. ಇದು ನನ್ನ ಕಣ್ಣಿಗೆ ಇಷ್ಟು ವರ್ಷ ಬಿದ್ದೇ ಇರಲಿಲ್ಲ.

ಹೊರಡುವಾಗ ಕೊಡೆ ಬಿಚ್ಚುತ್ತಾ ಟೀಚರ್ ಹೇಳಿದರು: "ಇವಳಿಗೆ ಬುದ್ಧಿ ಕಡಿಮೆ ಇಲ್ಲಮ್ಮ. ಎಬ್ಬಿಸೋದು ಜಾಸ್ತಿ ಆಗಿದೆ. ಯಾರೂ ಎಬ್ಬಿಸದ ಒಂದು ಜಾಗ ಮಾಡಿ. ಆಮೇಲೆ ಕರೀರಿ, ಬರ್ತೀನಿ. ಜಾಗ ಇಲ್ದೆ ನಾನು ವಾರಕ್ಕೆರಡು ದಿನ ಬಂದು ಹೋದ್ರೆ ಏನೂ ಉಪಯೋಗ ಇಲ್ಲ."

ಮಾಡುತ್ತೇನೆ ಎಂದೆ. ಹೇಳಿ ಬಾಗಿಲು ಹಾಕಿಕೊಂಡ ಮೇಲೆ ಎರಡು ಕೋಣೆಗಳನ್ನೂ ಸುತ್ತಿ ನೋಡಿದೆ. ಎಲ್ಲಿ ಮಾಡಲಿ? ಆದರೆ ಮಾಡುತ್ತೇನೆ.

ನಿನ್ನ ತಂಗಿ

•

ಜೂನ್ ೨೧

ಪುಕ್ಕಲಿಗೆ,

ನಿನ್ನ ಕಾಗದ ಸಿಕ್ಕಿತು. ಬೇಜಾರು ಮಾಡಿಕೊಳ್ಳಲು ನನಗೆ ಪುರುಸೊತ್ತಿಲ್ಲ. ಇಡೀ ಆಸ್ಪತ್ರೆಯ ರೋಗಿಗಳ ಊಟ ನನ್ನ ತಲೆಯ ಮೇಲಿದೆ. ಹೋದ ವಾರ ಒಬ್ಬ ಅಡುಗೆಯವನು ಹೇಳದೆ ಕೇಳದೆ ಬಿಟ್ಟು ಹೋದ, ನಾನೇ ಸೌಟು ಹಿಡಿದೆ.

ಜಾಗ ಮಾಡುತ್ತೇನೆ ಎನ್ನುತ್ತೀಯ. ಇರುವುದು ಎರಡು ಕೋಣೆ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಊರಿನವರ ಬಟ್ಟೆ. ಜಾಗವನ್ನೇನು ಗೋಡೆ ಹಿಂಡಿ ತೆಗೆಯುತ್ತೀಯಾ? ಇಲ್ಲಿ ನನ್ನ ಮನೆಯ ಹಿಂದಿನ ಕೋಣೆ ಖಾಲಿ ಬಿದ್ದಿದೆ. ಕಿಟಕಿಯಿದೆ, ಮೇಜಿದೆ, ಬಾಗಿಲು ಹಾಕಿಕೊಂಡರೆ ಸದ್ದಿಲ್ಲ. ಅವಳನ್ನೇನು ನಾನು ಕಟ್ಟಿಹಾಕುವುದಿಲ್ಲ, ತಿನ್ನಿಸಿ ಓದಿಸುತ್ತೇನೆ.

ಸರಿ, ನೀನು ಹಟ ಹಿಡಿದರೆ ಬಿಡುವವಳಲ್ಲ. ಪುಕ್ಕಲಿಗಳ ಹಟವೇ ಕೆಟ್ಟದ್ದು. ದಸರೆ ದೀಪಾವಳಿ ಎಂದು ಗಡುವು ಕೊಡುವುದಿಲ್ಲ, ಅಕ್ಟೋಬರಿನವರೆಗೆ ನೋಡು. ಆಗ ಅವಳ ಲೆಕ್ಕದ ಪುಸ್ತಕವನ್ನು ನನಗೆ ಕಳಿಸು. ನಾನೇ ಕಣ್ಣಾರೆ ನೋಡಿ ಹೇಳುತ್ತೇನೆ. ಸುಧಾರಿಸಿರದಿದ್ದರೆ ನೀನೇ ಅವಳನ್ನು ಬಸ್ಸು ಹತ್ತಿಸಬೇಕು. ಒಪ್ಪಿಗೆ ಇದ್ದರೆ ಬರಿ.

ಅಕ್ಕ

•

ಜುಲೈ ೧೪

ಅಕ್ಕ,

ಒಪ್ಪಿಗೆ. ಬರೆಯುವುದಕ್ಕೇ ಇಷ್ಟು ದಿನ ಬೇಕಾಯಿತು, ಆದರೂ ಒಪ್ಪಿಗೆ.

ಜಾಗ ಆಯಿತು. ಒಂದೇ ಸಲಕ್ಕೆ ಆಗಲಿಲ್ಲ, ಕೇಳು.

ಮೊದಲು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ನೋಡಿದೆ. ಹೊಗೆಗೆ ಕಣ್ಣು ಉಜ್ಜಿಕೊಂಡಳು. ಆಮೇಲೆ ಮುಂದಿನ ಕೋಣೆಯಲ್ಲಿ, ಬಟ್ಟೆ ತೂಗುಹಾಕುವ ಕಂಬಿಯ ಹಿಂದೆ ಕೂರಿಸಿದೆ. ಗುಹೆಯ ಹಾಗಿತ್ತು, ಅವಳಿಗೆ ಖುಷಿಯೋ ಖುಷಿ. ಐದು ನಿಮಿಷಕ್ಕೆ ನಿದ್ದೆ. ಎಷ್ಟು ಲೆಕ್ಕ ಹಾಕಿದರೂ ಕೊನೆಗೆ ಉಳಿದದ್ದು ಕಿಟಕಿಯೊಂದೇ. ಕಿಟಕಿ ಅವಳಿಗೆ ಬೇಕು, ಕಿಟಕಿ ನನಗೂ ಬೇಕು. ಬೆಳಕಿಲ್ಲದೆ ಇಸ್ತ್ರಿ ಮಾಡಿದರೆ ಮಡಿಕೆಯ ಮೇಲೆ ಮಡಿಕೆ ಬಿದ್ದರೂ ಕಾಣುವುದಿಲ್ಲ. ಒಂದು ದಿನ ಪೂರ್ತಿ ಇದನ್ನೇ ಯೋಚಿಸಿ ಎರಡು ಬಾರಿ ಹಾಲು ಉಕ್ಕಿಸಿದೆ. ಮಾರನೆಯ ದಿನ ಪಕ್ಕದ ಮನೆಯ ಅಜ್ಜನನ್ನು ಕರೆದು ಇಸ್ತ್ರಿ ಮೇಜಿನ ಇನ್ನೊಂದು ತುದಿ ಹಿಡಿಸಿ, ಒಳಗಿನ ಗೋಡೆಗೆ ತಳ್ಳಿದೆ. ಮೇಲೊಂದು ಬಲ್ಬು ಇಳಿಬಿಟ್ಟಿದ್ದೇನೆ. ಅಜ್ಜ ಕೇಳಿದರು, "ಕಿಟಕಿ ಬಿಟ್ಟುಕೊಟ್ಟು ಕತ್ತಲಲ್ಲಿ ಕೆಲಸ ಮಾಡ್ತೀಯೇನಮ್ಮ?" ಎಂದು. ಬಟ್ಟೆ ನೋಡಿ ನೋಡಿ ನನಗೆ ಸಾಕಾಗಿದೆ ಎಂದೆ.

ಮೇಜು ಬೇಕಲ್ಲ. ಹಳೆಯ ಕಪಾಟಿನ ಬಾಗಿಲೊಂದು ಕಳಚಿಬಂದಿತ್ತು, ಅದನ್ನು ಎರಡು ಪೆಟ್ಟಿಗೆಗಳ ಮೇಲೆ ಹಾಸಿದೆ. ಹಿಡಿಕೆ ಇದ್ದ ಕಡೆ ತೂತಿದೆ. ಮುಚ್ಚಬೇಕೆಂದಿದ್ದೆ, ಅವಳು ಅದರಲ್ಲಿ ಪೆನ್ಸಿಲ್ ಸಿಕ್ಕಿಸಿಟ್ಟು ಇದು ನನ್ನ ಪೆನ್ಸಿಲ್ ಬಾವಿ ಎಂದಳು. ಹಾಗೇ ಬಿಟ್ಟೆ.

ಕುರ್ಚಿಯದೇ ಕಷ್ಟವಾಯಿತು. ಸ್ಟೂಲಿಗೆ ಬೆನ್ನಿಲ್ಲ, ಟೀಚರ್ ಬೇಡವೆಂದಿದ್ದರು. ಇನ್ನು ಇದ್ದದ್ದು ಅವಳಪ್ಪ ಕೂರುತ್ತಿದ್ದ ಕುರ್ಚಿ. ಅವರು ಹೋದಾಗಿನಿಂದ ಅದರ ಮೇಲೆ ಯಾರೂ ಕೂತಿರಲಿಲ್ಲ, ನಾನು ಬಟ್ಟೆಯನ್ನೂ ಇಟ್ಟಿರಲಿಲ್ಲ. ಜೀರುಂಡೆಯನ್ನು ಕೂರಿಸಿದರೆ ಕಾಲು ನೇತಾಡಿತು. ಕಾಲು ನೆಲಕ್ಕೆ ತಾಗದಿದ್ದರೆ ಮಗು ಅರ್ಧ ಗಮನ ಬೀಳದೆ ಕೂರುವುದಕ್ಕೇ ಕೊಡುತ್ತದೆಯಂತೆ. ಬಡಗಿಯ ಹತ್ತಿರ ಹೊತ್ತುಕೊಂಡು ಹೋಗಿ ಕುರ್ಚಿಯ ಕಾಲು ಕೊಯ್ಯಿಸಿದೆ. ಅವನು ಗರಗಸ ಹಿಡಿದುಕೊಂಡು, "ಕೊಯ್ದ ಮೇಲೆ ಮತ್ತೆ ಅಂಟಿಸಕ್ಕಾಗಲ್ಲ, ಯೋಚನೆ ಮಾಡಿದೀರಾ?" ಎಂದು ಕೇಳಿದ. ಮಾಡಿದ್ದೇನೆ ಎಂದೆ.

ಇಷ್ಟೆಲ್ಲ ಮಾಡಿಯೂ ಒಂದು ಪೆದ್ದುತನ ಮಾಡಿದ್ದೆ. ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳಬಾರದು, ಬೆಳಕು ಆಚೆ ಕಡೆಯಿಂದ ಬರಬೇಕು ಎಂದು ಟೀಚರ್ ಹೇಳಿದ್ದರು. ನಾನು ನನ್ನ ಕೈ ನೋಡಿಕೊಂಡು ಕಿಟಕಿ ಎಡಕ್ಕೆ ಬರುವ ಹಾಗೆ ಜೋಡಿಸಿದೆ. ಜೀರುಂಡೆ ಕೂತಳು, ಪೆನ್ಸಿಲ್ ಎತ್ತಿದಳು, ಎಡಗೈಯಲ್ಲಿ. ಹೆತ್ತ ತಾಯಿಗೆ ಮಗಳು ಎಡಚಿ ಎಂಬುದು ಮರೆತುಹೋಗಿತ್ತು. ಎಲ್ಲವನ್ನೂ ತಿರುಗಿಸಿದೆ. ಈಗ ಕಿಟಕಿ ಅವಳ ಬಲಕ್ಕಿದೆ. ಹೀಗೆ ತಿರುಗಿಸಿದ್ದರಿಂದ ಅವಳಿಗೆ ಗೋಡೆಯ ಬದಲು ಎದುರಿಗೆ ನಾನೇ ಕಾಣುತ್ತೇನೆ. ನಾನು ಕಂಡರೆ ಗಮನ ಕೆಡುತ್ತದೇನೋ ಎಂದು ಹೆದರಿ, ಯಾರೋ ಕೊಟ್ಟು ವಾಪಸ್ ಒಯ್ಯದ ಬೆಡ್‌ಶೀಟನ್ನು ನಡುವೆ ಪರದೆಯಾಗಿ ಕಟ್ಟಿದ್ದೇನೆ.

ನಾಳೆ ಟೀಚರನ್ನು ಕರೆಯುತ್ತೇನೆ. ಅವರು ಒಪ್ಪದಿದ್ದರೆ?

ನಿನ್ನ ತಂಗಿ

•

ಆಗಸ್ಟ್ ೨೬

ಅಕ್ಕ,

ನೀನು ಬರೆಯಲಿಲ್ಲ. ಕೆಲಸ ಜಾಸ್ತಿಯಿರಬೇಕು. ಕೋಪ ಬಂದಿದ್ದರೂ ಇರಬಹುದು. ಎರಡರಲ್ಲಿ ಯಾವುದೆಂದು ಯೋಚಿಸಿ ಯೋಚಿಸಿ ನಾನೇ ಬರೆಯುತ್ತಿದ್ದೇನೆ.

ಟೀಚರ್ ಒಪ್ಪಿದರು. ಕಡಿದ ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು, ಬಾಗಿಲ ಮೇಜಿನ ಮೇಲೆ ಅಂಗೈ ಸವರಿದರು, ತಾವು ಸ್ಟೂಲ್ ಎಳೆದುಕೊಂಡು ಕೂತು ಪಾಠ ಶುರು ಮಾಡಿಯೇಬಿಟ್ಟರು. ಕೊಡೆಯನ್ನು ಪೆನ್ಸಿಲ್ ಬಾವಿಗೆ ಸಿಕ್ಕಿಸಲು ನೋಡಿದರು, ಹಿಡಿಸಲಿಲ್ಲ. ಜೀರುಂಡೆ ನಕ್ಕಿದ್ದು ಪರದೆಯ ಆಚೆಗೆ ಕೇಳಿಸಿತು. ಪಾಠದ ಹೊತ್ತಿನಲ್ಲಿ ಅವಳು ನಗಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ಆದರೆ ಒಂದು ತೊಂದರೆ. ಜನ ಬಟ್ಟೆ ಒಯ್ಯಲು ಬರುವುದು ಸಂಜೆ, ಅವಳು ಓದಲು ಕೂರುವುದೂ ಸಂಜೆ. ಬಂದವರು ಸುಮ್ಮನೆ ಒಯ್ಯುತ್ತಾರೆಯೇ. ಪರದೆ ಸರಿಸಿ ಏನು ಓದ್ತಿದೀಯ ಮರಿ ಎನ್ನುವುದು, ಏಳೆಂಟಲ ಎಷ್ಟು ಎಂದು ಕೇಳುವುದು, ಅವಳು ತಡವರಿಸಿದರೆ ನನ್ನ ಮುಖ ನೋಡಿ ಅಯ್ಯೋ ಪಾಪ ಎನ್ನುವುದು. ಇದನ್ನು ಹೇಗೆ ನಿಲ್ಲಿಸುವುದು? ಎಲ್ಲ ಹಳೆಯ ಗಿರಾಕಿಗಳು. ಒಂದು ಮಾತು ಹೆಚ್ಚಾದರೆ ಮುಂದಿನ ಬೀದಿಯ ಲಾಂಡ್ರಿಗೆ ಹೋಗುತ್ತಾರೆ. ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ರಟ್ಟಿನ ಮೇಲೆ "ಸಂಜೆ ಹಿಂಬಾಗಿಲಿಗೆ ಬನ್ನಿ" ಎಂದು ಬರೆದು ಮುಂದಿನ ಬಾಗಿಲಿಗೆ ತೂಗುಹಾಕಿ, ಒಳಗಿನಿಂದ ಚಿಲಕ ಹಾಕಿದೆ.

ದವಾಖಾನೆಯ ಡಾಕ್ಟರಮ್ಮನಿಗೆ ಸಿಟ್ಟು ಬಂತು. ಕಸದ ತೊಟ್ಟಿ ದಾಟಿಕೊಂಡು ಸುತ್ತಿ ಬರಬೇಕಲ್ಲ. "ಏನಮ್ಮ, ಅಷ್ಟೆಲ್ಲ ಓದಿಸಿ ಮಗಳನ್ನ ಜಡ್ಜ್ ಮಾಡ್ತೀಯೋ?" ಎಂದರು.

"ಏನಾಗ್ತಾಳೋ ನಂಗೊತ್ತಿಲ್ಲ ಮೇಡಂ," ಎಂದೆ, "ಸಂಜೆ ಮಾತ್ರ ಹಿಂಬಾಗಿಲಿಗೆ ಬನ್ನಿ."

ಹೇಳಿಬಿಟ್ಟೆ ಅಕ್ಕ. ನಾನೇ. ಅವರು ಹೋದ ಮೇಲೆ ಒಂದು ಲೋಟ ನೀರು ಕುಡಿದೆ. ಇಬ್ಬರು ಗಿರಾಕಿಗಳು ಬಿಟ್ಟುಹೋದರು, ಡಾಕ್ಟರಮ್ಮ ಬಿಡಲಿಲ್ಲ. ಬಲ್ಬಿನ ಬೆಳಕಿನಲ್ಲಿ ಒಂದು ಕಾಲರ್ ಸುಟ್ಟೆ. ಆ ಶರ್ಟಿನವರ ಹತ್ತಿರ ಬೈಸಿಕೊಂಡೆ, ಈಗ ಕೈ ಹದಕ್ಕೆ ಬಂದಿದೆ.

ಜೀರುಂಡೆಯ ವಿಷಯ. ಅವಳ ಹಳೆಯ ಪುಸ್ತಕಗಳನ್ನು ನೀನು ನೋಡಿಲ್ಲ. ತಪ್ಪಾದರೆ ರಬ್ಬರಿನಿಂದ ಉಜ್ಜುತ್ತಾಳೆ, ಮತ್ತೆ ತಪ್ಪಾದರೆ ಮತ್ತೆ ಉಜ್ಜುತ್ತಾಳೆ, ಕೊನೆಗೆ ಹಾಳೆಯೇ ಕಿತ್ತುಬರುತ್ತದೆ, ಆಗ ಅಳು. ತಪ್ಪಿಗೆ ಹೆದರಿ ಬರೆಯುವುದನ್ನೇ ನಿಲ್ಲಿಸಿದ್ದಳು. ಯಾರ ಮಗಳು ಹೇಳು. ಟೀಚರ್ ಅವಳಿಗೊಂದು ನೀಲಿ ಪೆನ್ನು ಕೊಟ್ಟಿದ್ದಾರೆ. ಅದರ ಹಿಂಬದಿಯಿಂದ ಸ್ವಲ್ಪ ಉಜ್ಜಿದರೆ ಸಾಕು, ಅಕ್ಷರ ಮಾಯ, ಹಾಳೆ ಹಾಗೇ ಇರುತ್ತದೆ. ಎಷ್ಟು ಬೇಕೋ ಅಷ್ಟು ತಪ್ಪು ಮಾಡು, ಪೆನ್ನಿಗೆ ಬೇಜಾರಿಲ್ಲ ಎಂದರಂತೆ. ಈಗ ಬರೆಯುತ್ತಾಳೆ. ನಾನು ಇಸ್ತ್ರಿ ಎಳೆಯುವ ಸದ್ದು, ಪರದೆಯಾಚೆ ಅವಳ ಗುಂಯ್‌ಗುಟ್ಟುವಿಕೆ, ಸಂಜೆಯೆಲ್ಲ ಇಷ್ಟೇ.

ಒಂದು ದಿನ ಅವಳೇ ಪರದೆ ಸರಿಸಿ ಗಂಟು ಹಾಕಿದಳು. ಯಾಕೆ ಎಂದರೆ, "ನೀನು ಕಾಣ್ದೇ ಇದ್ರೆ ಎದ್ದು ಬಂದು ನೋಡ್ಬೇಕಾಗತ್ತಮ್ಮ" ಎಂದಳು. ನಾನೇನು ಓಡಿಹೋಗುತ್ತೇನೆಯೇ ಎಂದು ನಗಾಡಿದೆ. ಅವಳು ನಗಲಿಲ್ಲ. ಪರದೆ ತೆಗೆದುಬಿಟ್ಟೆ.

ನಿನ್ನ ತಂಗಿ

•

ಸೆಪ್ಟೆಂಬರ್ ೧೫

ಪುಕ್ಕಲಿಗೆ,

ಕೋಪವೂ ಇಲ್ಲ, ಏನೂ ಇಲ್ಲ. ಕಾಲು ನೋವು, ಅಷ್ಟೆ. ದಿನವಿಡೀ ನಿಂತರೆ ಇನ್ನೇನಾಗುತ್ತದೆ. ಮನೆಗೆ ಬಂದರೆ ಮಾತಾಡಿಸುವವರಿಲ್ಲ, ರೇಡಿಯೋ ಹಾಕಿಕೊಂಡು ಮಲಗುತ್ತೇನೆ.

ಕುರ್ಚಿಯ ಕಾಲು ಕೊಯ್ಯಿಸಿದೆ ಎಂದು ಜುಲೈಯಲ್ಲಿ ಬರೆದಿದ್ದೆ. ಆ ಕಾಗದವನ್ನು ಮತ್ತೆ ಮತ್ತೆ ಓದಿದೆ. ಮನೆ ಬಿಟ್ಟು ಹೋದವನಿಗಾಗಿ ಇಷ್ಟು ವರ್ಷ ಆ ಕುರ್ಚಿ ಒರೆಸಿ ಇಡುತ್ತಿದ್ದೆಯಲ್ಲ, ನಾನು ಬಂದಾಗಲೂ ಕೂರಲು ಬಿಟ್ಟಿರಲಿಲ್ಲ. ಅದರ ಬಗ್ಗೆ ನಾನೇನೂ ಕೇಳುವುದಿಲ್ಲ.

ಆದರೆ ಮೇಜು, ಕುರ್ಚಿ, ಪರದೆ ಇವನ್ನೆಲ್ಲ ಬರೆದು ನನ್ನನ್ನು ಕರಗಿಸಲು ನೋಡಬೇಡ. ಮಾತು ಮಾತೇ. ಮುಂದಿನ ತಿಂಗಳು ಪುಸ್ತಕ ಕಳಿಸು. ಇಲ್ಲಿಯ ಶಾಲೆಯವರ ಹತ್ತಿರ ಮಾತಾಡಿಟ್ಟಿದ್ದೇನೆ, ನವೆಂಬರಿನಲ್ಲಿ ಸೇರಿಸಿಕೊಳ್ಳುತ್ತಾರಂತೆ.

ಅಕ್ಕ

•

ಅಕ್ಟೋಬರ್ ೭

ಅಕ್ಕ,

ಇದರ ಜೊತೆ ಜೀರುಂಡೆಯ ಲೆಕ್ಕದ ಪುಸ್ತಕ ಇದೆ. ಜುಲೈಯಿಂದ ಇಲ್ಲಿಯವರೆಗೆ ಮಾಡಿದ್ದೆಲ್ಲ ಅದರಲ್ಲೇ. ಮೊನ್ನೆ ಕೊನೆಯ ಹಾಳೆ ತುಂಬಿತು.

ಸತ್ಯ ಹೇಳುತ್ತೇನೆ, ನಾನು ಬಿಚ್ಚಿ ನೋಡಿಲ್ಲ. ನೋಡಿದರೂ ಐದನೇ ಕ್ಲಾಸಿನ ಲೆಕ್ಕ ನನಗೆಷ್ಟು ಅರ್ಥವಾದೀತು. ಕೆಂಪು ಗೆರೆಗಳು ಕಂಡರೆ ಕಳಿಸಲು ಕೈ ಬರುವುದಿಲ್ಲ, ಅದಕ್ಕೇ ನೋಡಲಿಲ್ಲ. ಚೆನ್ನಾಗಿ ಮಾಡಿದ್ದಾಳೆ ಎಂದು ಟೀಚರ್ ಹೇಳುತ್ತಾರೆ. ಅವರು ಒಳ್ಳೆಯವರು, ಒಳ್ಳೆಯವರು ಒಳ್ಳೆಯ ಮಾತನ್ನೇ ಆಡುತ್ತಾರೆ. ನಿನಗಾದರೆ ಆ ಅಭ್ಯಾಸವಿಲ್ಲ.

ಪುಸ್ತಕ ಕಿವಿ ಮಡಚಿಕೊಂಡು ಸುರುಳಿ ಸುತ್ತಿಕೊಂಡಿತ್ತು. ಹಾಗೇ ಕಳಿಸಿದರೆ ನೀನು ಮೊದಲು ಅದಕ್ಕೇ ಬೈಯುತ್ತೀಯ. ಇಸ್ತ್ರಿ ಮೇಜಿನ ಕಂಬಳಿಯ ಕೆಳಗೆ ಇಟ್ಟು ನಿನ್ನೆಯೆಲ್ಲ ಅದರ ಮೇಲೇ ಕೆಲಸ ಮಾಡಿದೆ. ಇವತ್ತು ತೆಗೆದರೆ ಹೊಸ ಪುಸ್ತಕದ ಹಾಗೆ ನೆಟ್ಟಗಿದೆ. ಹಾಗೇ ಕಾಗದ ಸುತ್ತಿ ಅಂಚೆಗೆ ಹಾಕುತ್ತಿದ್ದೇನೆ.

ನಿಧಾನವಾಗಿ ನೋಡು. ನೋಡಿದ ದಿನವೇ ಬರಿ.

ನಿನ್ನ ತಂಗಿ

•

ಅಕ್ಟೋಬರ್ ೧೪

ತಂಗಿ,

ಇದೇನು ತಮಾಷೆ? ಸಂಜೆ ಕೆಲಸ ಮುಗಿಸಿ, ಕೈ ತೊಳೆದು, ಕನ್ನಡಕ ಹಾಕಿಕೊಂಡು, ಪರೀಕ್ಷೆ ಬರೆಯುವವಳ ಹಾಗೆ ಕೂತು ಪುಸ್ತಕ ಬಿಚ್ಚಿದೆ. ಖಾಲಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರವಿಲ್ಲ. ಖಾಲಿ ಹಾಳೆಯ ಮೇಲೆ ನಿನ್ನ ಕೊಡೆ ಟೀಚರ್ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದಾರೆ. ಒಂದು ಕಡೆ "ಈಗ ಸರಿಯಾಯಿತು" ಎಂದಿದೆ. ಏನು ಸರಿಯಾಯಿತು? ಇನ್ನೊಂದು ಕಡೆ "ಭೇಷ್". ಯಾರಿಗೆ ಭೇಷ್, ಹಾಳೆಗೋ?

ಆ ಹೆಂಗಸು ನಿನಗೆ ಟೋಪಿ ಹಾಕಿದ್ದಾಳೆ. ಇಲ್ಲವೇ ನೀವಿಬ್ಬರೂ ಸೇರಿ ನನಗೆ ಹಾಕುತ್ತಿದ್ದೀರಿ. ಪುಸ್ತಕ ಬಿಚ್ಚಿ ನೋಡಿಲ್ಲ ಎಂದು ಬರೆದಿದ್ದೀಯ, ಅದನ್ನಾದರೂ ನಂಬಲೇ? ಮಗು ಏನೂ ಮಾಡಿಲ್ಲದಿದ್ದರೆ ಮಾಡಿಲ್ಲ ಎಂದು ಹೇಳಬಹುದಿತ್ತು, ನಾನೇನು ನುಂಗುತ್ತಿರಲಿಲ್ಲ.

ತಿಂಗಳ ಕೊನೆಯ ಭಾನುವಾರ ನಾನೇ ಬರುತ್ತೇನೆ. ಅವಳ ಬಟ್ಟೆಬರೆ ಕಟ್ಟಿಡು.

ಅಕ್ಕ

•

ಅಕ್ಟೋಬರ್ ೧೮

ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಜೀರುಂಡೆ ಶಾಲೆಯಿಂದ ಬಂದಳು. ಪುಸ್ತಕ ಖಾಲಿಯಂತೆ ಎಂದೆ. ಅವಳು ನನ್ನ ಮುಖ ನೋಡಿದಳು, ಇಸ್ತ್ರಿ ಮೇಜು ನೋಡಿದಳು, ಆಮೇಲೆ ಮೆಲ್ಲಗೆ, "ಅಮ್ಮಾ, ನೀನು ಅದನ್ನ ಬಿಸಿ ಮಾಡಿದ್ಯಾ?" ಎಂದಳು.

ಒಂದು ಚೀಟಿಯ ಮೇಲೆ ಅವಳ ನೀಲಿ ಪೆನ್ನಿನಿಂದ ತನ್ನ ಹೆಸರು ಬರೆದು ಮೇಜಿನ ಮೇಲಿಟ್ಟಳು. ಇಸ್ತ್ರಿ ಪೆಟ್ಟಿಗೆ ಇಡು ಎಂದಳು. ಇಟ್ಟು ಎತ್ತಿದೆ. ಹೆಸರು ಇರಲಿಲ್ಲ.

ಉಜ್ಜಿದರೆ ಅಳಿಸುತ್ತದೆ ಎಂದುಕೊಂಡಿದ್ದೆನಲ್ಲ, ಅಳಿಸುವುದು ಉಜ್ಜಿದಾಗ ಹುಟ್ಟುವ ಬಿಸಿಗಂತೆ, ಜೀರುಂಡೆಗೆ ಇದು ಗೊತ್ತಿತ್ತು, ನನಗಿರಲಿಲ್ಲ. ಟೀಚರ್ ಹೇಳಿದರು. ಅವರ ಕೆಂಪು ಪೆನ್ನು ಮಾಮೂಲಿ ಪೆನ್ನು, ಅದಕ್ಕೇ ಅದು ಉಳಿಯಿತು. ನಾನು ಮಗಳ ಮೂರು ತಿಂಗಳ ಕೆಲಸದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಎಳೆದಿದ್ದೇನೆ. ಇಂಥದ್ದು ಲೋಕದಲ್ಲಿ ಬೇರೆ ಯಾವ ತಾಯಿಯೂ ಮಾಡಿರಲಾರಳು. ನಾನು ಅತ್ತೆ. ಜೀರುಂಡೆ ಅಳಲಿಲ್ಲ. ಹೋದ ವರ್ಷವಾಗಿದ್ದರೆ ಪುಸ್ತಕ ಹರಿದು ಹಾಕುತ್ತಿದ್ದಳು. ಈಗ ನನ್ನ ಬೆನ್ನು ಸವರಿ, ಎಲ್ಲಾ ಲೆಕ್ಕ ಮತ್ತೆ ಮಾಡ್ತೀನಿ ಬಿಡಮ್ಮ, ಹೇಗೂ ಬರುತ್ತಲ್ಲ ಎಂದಳು.

ಹೇಗೂ ಬರುತ್ತಲ್ಲ, ಎಂದಳು ಅಕ್ಕ.

ಟೀಚರ್ ಇನ್ನೊಂದು ಮಾತು ಹೇಳಿದ್ದಾರೆ. ಚೆನ್ನಾಗಿ ತಣ್ಣಗೆ ಮಾಡಿದರೆ ಆ ಶಾಯಿ ಮತ್ತೆ ಕಾಣುತ್ತದಂತೆ. ನಂಬಿಕೆಯಾಗದೆ, ಹೆಸರು ಮಾಯವಾದ ಚೀಟಿಯನ್ನು ಬೀದಿ ಕೊನೆಯ ಐಸ್‌ಕ್ರೀಮ್ ಅಂಗಡಿಯಲ್ಲಿ ಕೊಟ್ಟು ಡಬ್ಬಗಳ ನಡುವೆ ಇಡಿಸಿದೆ. ಮಾರನೆಯ ದಿನ ಹೋದರೆ ಹೆಸರು ಬಂದಿತ್ತು, ಸ್ವಲ್ಪ ಮಂಕಾಗಿ. ಅಂಗಡಿಯವನು ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತಿದ್ದ. ನಿನ್ನ ಆಸ್ಪತ್ರೆಯ ಅಡುಗೆಮನೆಯಲ್ಲಿ ದೊಡ್ಡ ಫ್ರೀಜರ್ ಇದೆಯಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಅದರಲ್ಲಿಡು.

ಇಡದಿದ್ದರೂ ಸರಿ. ಇಟ್ಟ ಮೇಲೂ ಅಕ್ಷರ ಬಾರದಿದ್ದರೂ ಸರಿ. ಅವಳ ಬಟ್ಟೆ ನಾನು ಕಟ್ಟುವುದಿಲ್ಲ. ಒಪ್ಪಿಗೆ ಎಂದು ಬರೆದವಳು ನಾನೇ, ಹೌದು. ಅದು ಜುಲೈಯಲ್ಲಿ. ಆಗ ಅವಳು ಹೇಗೆ ಕೂತು ಓದುತ್ತಾಳೆಂದು ನಾನು ನೋಡಿರಲಿಲ್ಲ. ಈಗ ದಿನಾ ಎದುರಿಗೇ ನೋಡುತ್ತಿದ್ದೇನೆ. ಪುಸ್ತಕ ಬಿಚ್ಚಲು ನಾನು ಹೆದರಿದೆ, ಆದರೆ ಮಗಳನ್ನು ನೋಡಲು ಪುಸ್ತಕ ಯಾಕೆ ಬೇಕಿತ್ತು? ನೀನು ಮಾತಿಗೆ ತಪ್ಪಿದವಳು ಎಂದು ಬೈ. ಬೈಸಿಕೊಳ್ಳುತ್ತೇನೆ. ಕಳಿಸುವುದಿಲ್ಲ.

ಭಾನುವಾರ ಬಾ. ಹಿಂಬಾಗಿಲಿಗೆ ಬಾ, ಅವಳು ಓದುತ್ತಿರುತ್ತಾಳೆ.

ನಿನ್ನ ತಂಗಿ

•

ಅಕ್ಟೋಬರ್ ೨೩

ತಂಗಿ,

ಪುಸ್ತಕವನ್ನು ಬಟಾಣಿ ಚೀಲಗಳ ನಡುವೆ ಇಟ್ಟೆ. ಇದೇನು ಅಕ್ಕೋರೇ, ಓದು ಕೆಟ್ಟುಹೋಗುತ್ತೆ ಅಂತ ಫ್ರೀಜರಿಗಿಡ್ತಿದೀರಾ ಎಂದು ಅಡುಗೆಯವರು ಆಡಿಕೊಂಡರು. ಬೆಳಿಗ್ಗೆ ತೆಗೆದೆ. ಎಲ್ಲ ಬಂದಿದೆ.

ನಿಜವಾಗಿ ಎಲ್ಲವೂ ಬಂದಿದೆ. ನೀನು ಬಿಸಿ ಮಾಡಿ ಅಳಿಸಿದ್ದಷ್ಟೇ ಅಲ್ಲ, ಅವಳು ಉಜ್ಜಿ ಅಳಿಸಿದ್ದೂ ಬಂದಿದೆ. ಒಂದೇ ಲೆಕ್ಕದಲ್ಲಿ ಉತ್ತರದ ಮೇಲೆ ಉತ್ತರ, ಅದರ ಮೇಲೆ ಮತ್ತೊಂದು. ಯಾವುದು ತಪ್ಪು, ಯಾವುದು ಸರಿ ಎಂದು ಬಿಡಿಸಿಕೊಳ್ಳಲು ಬೆಳಕಿಗೆ ಹಿಡಿಯಬೇಕಾಯಿತು. ಜುಲೈಯ ಪುಟಗಳಂತೂ ಕಪ್ಪೆ ಕಾಲಿಗೆ ಶಾಯಿ ಹಚ್ಚಿ ಬಿಟ್ಟ ಹಾಗಿವೆ. ಆ ಮಗು ಎಷ್ಟು ಸಲ ತಪ್ಪು ಮಾಡಿದ್ದಾಳೆ, ಎಷ್ಟು ಸಲ ಮತ್ತೆ ಕೂತಿದ್ದಾಳೆ. ಆಗಸ್ಟಿಗೆ ಸ್ವಲ್ಪ ತಿಳಿಯಾಗುತ್ತದೆ. ಸೆಪ್ಟೆಂಬರಿನ ಪುಟಗಳಲ್ಲಿ ಉತ್ತರದ ಕೆಳಗೆ ಏನೂ ಇಲ್ಲ, ಒಂದೇ ಸಲಕ್ಕೆ ಬರೆದದ್ದು. ಮಾಯವಾಗದ ಶಾಯಿಯಲ್ಲಿ ಬರೆದಿದ್ದರೆ ಸರಿ ಉತ್ತರಗಳನ್ನು ನೋಡಿ ಪರವಾಗಿಲ್ಲ ಎಂದು ಪುಸ್ತಕ ಮುಚ್ಚಿಡುತ್ತಿದ್ದೆ. ನೀನು ಹಾಳು ಮಾಡಿದ್ದರಿಂದ ಪೂರ್ತಿ ನೋಡಿದೆ.

ಒಂದು ಪುಟದ ಮೂಲೆಯಲ್ಲಿ ದಪ್ಪ ಹೆಂಗಸಿನ ಚಿತ್ರವಿದೆ. ಕನ್ನಡಕ, ಮೀಸೆ, ಕೈಯಲ್ಲಿ ಸೌಟು. ಅಳಿಸಿದ್ದೇನೆ ಎಂದುಕೊಂಡಿದ್ದಾಳೆ. ಕನ್ನಡಕ ನನ್ನದೇ ಎಂದು ಗುರುತು ಸಿಕ್ಕಿತು ಎಂದು ಹೇಳು.

ನಿನ್ನ ಟೀಚರಿಗೆ ಹೆಂಗಸು ಎಂದು ಬರೆದಿದ್ದೆ. ಅವರ ಕಿವಿಗೆ ಹಾಕಬೇಡ.

ಭಾನುವಾರ ಬರುವುದಿಲ್ಲ. ಇಲ್ಲಿಯ ಶಾಲೆಗೆ ಬೇಡವೆಂದು ಹೇಳಿದ್ದೇನೆ. ಒಂದು ಮೇಜುದೀಪ ಕಳಿಸುತ್ತಿದ್ದೇನೆ, ಸಂಜೆ ಬೇಗ ಕತ್ತಲಾಗುವ ಕಾಲ. ಮೇಜನ್ನೂ ಕಳಿಸೋಣವೆಂದರೆ ಬಸ್ಸಿನಲ್ಲಿ ಹಿಡಿಸುವುದಿಲ್ಲ. ಎರಡು ಡ್ರಾಯರಿನ ಒಳ್ಳೆಯ ಮೇಜು. ಏಪ್ರಿಲಿನಲ್ಲಿ ಕೊಂಡಾಗ ಗೋಡೆಗೂ ಹಳದಿ ಬಣ್ಣ ಹೊಡೆಸಿದ್ದೆ. ಇನ್ನು ಅದಕ್ಕೇನು ಕೆಲಸ. ಕೆಳಗಿನ ಮನೆಯವರು ಕೇಳುತ್ತಿದ್ದಾರೆ, ಕೊಟ್ಟುಬಿಡುತ್ತೇನೆ.

ಅಕ್ಕ

•

ಅಕ್ಟೋಬರ್ ೨೯

ಅಕ್ಕ,

ದೀಪ ಬಂತು. ಹಚ್ಚಿದ್ದೇವೆ. ಮೀಸೆಯ ವಿಷಯ ಹೇಳಿದ್ದಕ್ಕೆ ಜೀರುಂಡೆ ಮಂಚದ ಕೆಳಗೆ ಸೇರಿಕೊಂಡು ಅರ್ಧ ಗಂಟೆ ಹೊರಗೆ ಬರಲಿಲ್ಲ. ಕ್ಲಾಸ್ ಟೀಚರ್ ಮತ್ತೆ ಕರೆಸಿದ್ದರು. ಇಡೀ ದಾರಿ ಹೆದರಿಕೊಂಡು ಹೋದೆ. ಹೀಗೇ ಓದಿದರೆ ಆರನೇ ಕ್ಲಾಸಿಗೆ ಹಾಕಲು ಅಡ್ಡಿಯಿಲ್ಲ ಎಂದರು. ಈ ಸಲ ಹೂಂಗುಟ್ಟಿ ಬರಲಿಲ್ಲ. ಹೀಗೇ ಓದುತ್ತಾಳೆ ಎಂದು ಹೇಳಿ ಬಂದೆ.

ನೀನು ಕಾಗದ ಬರೆದು ಅವಳನ್ನು ಕೇಳಿದ್ದು ಜೂನಿನಲ್ಲಿ. ಮೇಜು ಕೊಂಡದ್ದು ಏಪ್ರಿಲಿನಲ್ಲಿ. ನಿನ್ನ ಕಾಗದ ಮಡಚಿಟ್ಟು ಇಸ್ತ್ರಿ ಮಾಡುತ್ತಾ ಇದನ್ನೇ ಯೋಚಿಸುತ್ತಿದ್ದೆ. ಮತ್ತೊಂದು ಕಾಲರ್ ಸುಡುವುದರಲ್ಲಿತ್ತು.

ಆ ಮೇಜು ಯಾರಿಗೂ ಕೊಡಬೇಡ. ಕೆಳಗಿನ ಮನೆಯವರಿಗೆ ಇಲ್ಲವೆಂದು ಹೇಳು. ಹೇಳಲು ಕಷ್ಟವಾದರೆ ಒಂದು ಲೋಟ ನೀರು ಇಟ್ಟುಕೊ. ವರ್ಷದ ಕೊನೆಯ ರಜೆಗೆ ನಾನೇ ಜೀರುಂಡೆಯನ್ನು ಬಸ್ಸು ಹತ್ತಿಸುತ್ತೇನೆ, ರಜೆ ಮುಗಿದ ಕೂಡಲೇ ನೀನೇ ಕರೆದುಕೊಂಡು ಬಂದು ಬಿಡಬೇಕು. ಪ್ರತಿ ರಜೆಗೂ ಹೀಗೇ. ಓದುವುದನ್ನು ರಜೆಯೆಂದು ಬಿಡುವ ಹಾಗಿಲ್ಲ, ಟೀಚರ್ ಲೆಕ್ಕ ಕೊಟ್ಟು ಕಳಿಸುತ್ತಾರೆ.

ಅಷ್ಟರಲ್ಲಿ ನೀನು ಇಷ್ಟು ಮಾಡಿಡು. ಅವಳು ಎಡಚಿ, ಕಿಟಕಿ ಬಲಕ್ಕೆ ಬರುವ ಹಾಗೆ ಮೇಜು ತಿರುಗಿಸು. ನಿನ್ನ ಕುರ್ಚಿ ಎತ್ತರವಿರುತ್ತದೆ, ಕಾಲಿಗೆ ಒಂದು ಮಣೆಯೋ ಪೆಟ್ಟಿಗೆಯೋ ಇಡು. ಪೆನ್ನು ಸಿಕ್ಕಿಸಲು ಒಂದು ಲೋಟ ಬೇಕು. ಅವಳು ಗುಂಯ್‌ಗುಟ್ಟುತ್ತಾಳೆ, ಸುಮ್ಮನಿರು ಎನ್ನಬೇಡ. ಬಾಗಿಲು ಹಾಕಬೇಡ. ನಿನ್ನದೂ ಒಂದು ಕುರ್ಚಿಯನ್ನು ಅದೇ ಕೋಣೆಯಲ್ಲಿ, ಅವಳು ತಲೆಯೆತ್ತಿದರೆ ಕಾಣುವ ಹಾಗೆ ಹಾಕಿಕೊಂಡು ಕೂರು. ಕಾಲು ನೋವೂ ಕಡಿಮೆಯಾಗುತ್ತದೆ. ಮಾತಾಡಿಸಬೇಡ, ಸುಮ್ಮನೆ ಕಾಣುತ್ತಿರು, ಅಷ್ಟು ಸಾಕು.

ಮೇಜು ತಿರುಗಿಸಿದ ಮೇಲೆ ಬರಿ.

ನಿನ್ನ ಪುಕ್ಕಲಿ

ತಾ.ಕ.: ಪುಸ್ತಕ ಅಲ್ಲೇ ಇರಲಿ, ಬಿಸಿ ತಾಗದ ಕಡೆ ಇಡು. ನಾನೂ ಒಂದು ಸಲ ಬಂದು, ಬಿಚ್ಚಿ ನೋಡುತ್ತೇನೆ.